ಇದು ಏನ್ ಮಾಡ್ತದ್ರಿ, ಅಳಿಯಂದ್ರ?

ಕೆಲಸ ಮಾಡದೆ ಸುಮ್ಮನೆ ಕೂತವನಿಗೆ ಊರು ಸೋಮಾರಿ ಎನ್ನುತ್ತದೆ. ಅದೇ ಮನುಷ್ಯ ಕಂಪ್ಯೂಟರ್ ಮುಂದೆ ಕೂತು, ಯಾವ ಆ್ಯಪ್ ಹಾಕಿಕೊಂಡರೆ ಕೆಲಸ ಬೇಗ ಮುಗಿದೀತು ಎಂದು ಹುಡುಕುತ್ತಿದ್ದರೆ ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ಮನೆಗೆ ಬಂದವರು ಬಾಗಿಲಲ್ಲೇ ದನಿ ತಗ್ಗಿಸಿ, "ಸರ್ ಭಾಳ ಬಿಜಿ ಅದಾರ ಕಾಣ್ತದ" ಎಂದು ಹಾಗೇ ಹಿಂದಿರುಗುತ್ತಾರೆ. ಮೈಗಳ್ಳತನಕ್ಕೆ ಇಷ್ಟು ಮರ್ಯಾದೆ ತಂದುಕೊಟ್ಟ ಯಂತ್ರ ಇನ್ನೊಂದಿಲ್ಲ. ಈ ಮರ್ಯಾದೆಗೆ ಬಗ್ಗದವರು ನನಗೆ ಗೊತ್ತಿರುವಂತೆ ಇಬ್ಬರೇ. ಒಬ್ಬಳು ನನ್ನ ಹೆಂಡತಿ. ಇನ್ನೊಬ್ಬರು ಆಕೆಯ ತಂದೆ, ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವವರು.

ಆ್ಯಪ್ ಹುಡುಕುವುದಕ್ಕೆ ಒಂದು ಘನವಾದ ಕಾರಣ ಬೇಕಲ್ಲ, ನನ್ನದು ಸಾಹಿತ್ಯ. 2020ರ ಫೆಬ್ರವರಿ 5ರಿಂದ 7ರವರೆಗೆ ಕಲಬುರಗಿಯಲ್ಲಿ, ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ, 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಎಚ್.ಎಸ್. ವೆಂಕಟೇಶಮೂರ್ತಿಯವರು ಅಧ್ಯಕ್ಷರು. ಸಮ್ಮೇಳನ ಮನೆ ಬಾಗಿಲಿಗೆ ಬಂದಿರುವಾಗ ನನ್ನ ಪ್ರಬಂಧ ಸಂಕಲನ ಬರದಿದ್ದರೆ ಕನ್ನಡಕ್ಕೆ ನಷ್ಟವೆಂದು ನನಗೆ ಖಾತ್ರಿಯಾಗಿತ್ತು. ಬರೆಯಲು ಕೂತೆ. ಕೂತ ಮೇಲೆ, ಚಿತ್ತ ಚದುರಿಸದ ಬರವಣಿಗೆಯ ಆ್ಯಪ್ ಒಂದು ಬೇಕೆನಿಸಿತು. ಪರದೆಯಲ್ಲಿ ಬೇರೇನೂ ಕಾಣದಂತೆ ಮಾಡಿ ಅಕ್ಷರವನ್ನಷ್ಟೇ ಉಳಿಸುವಂಥದ್ದು. ಅಂಥವು ಹಲವಾರಿದ್ದವು. ಒಂದರ ಹಿನ್ನೆಲೆ ಕಪ್ಪು, ಒಂದರದ್ದು ಹಳೆ ಕಾಗದದ ಬಣ್ಣ, ಇನ್ನೊಂದರಲ್ಲಿ ಬೆರಳು ತಗುಲಿದಾಗೆಲ್ಲ ಟೈಪ್‌ರೈಟರಿನ ಸದ್ದು. ನಾನು ಸದ್ದು ಆರಿಸಿಕೊಂಡೆ. ಹೊರಗಿನ ಕೋಣೆಯಲ್ಲಿದ್ದವರಿಗೆ ಸಾಹಿತ್ಯ ನಡೆದಿದೆ ಎಂದು ಕೇಳಿಸಬೇಕಲ್ಲ.

ಸಮ್ಮೇಳನ ಬಂತು, ಮುಗಿಯಿತು. ಬೇರೆಯವರ ಪುಸ್ತಕ ಚೀಲದ ತುಂಬ ಕೊಂಡು ತಂದೆ. ನನ್ನ ಸಂಕಲನದಲ್ಲಿ ಆಗ ತಯಾರಿದ್ದದ್ದು ಕೃತಜ್ಞತೆಯ ಪುಟ. ಅದರಲ್ಲಿ 'ನನ್ನ ಬರವಣಿಗೆಗೆ ಸಮಯ ಬಿಟ್ಟುಕೊಟ್ಟ ಮಡದಿಗೆ' ಎಂದು ಬರೆದಿದ್ದೆ. ಆಕೆ ಓದಿ, "ಖರೇನೇ ಬರ್ದೀರಿ. ಸಮಯ ನಾ ಬಿಟ್ಟೀನಿ, ನೀವು ಹಿಡ್ದಿಲ್ಲ ಅಷ್ಟೇ" ಎಂದಳು.

ಸಮಯ ಹಿಡಿಯುವ ವಿದ್ಯೆಯನ್ನು ಕಲಿಯಲೇಬೇಕಾಯಿತು. ಅದರಲ್ಲಿ ದೊಡ್ಡ ಹೆಸರು ಪೊಮೊಡೊರೊ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಚೆಸ್ಕೊ ಚಿರಿಲ್ಲೊ ಎಂಬ ವಿದ್ಯಾರ್ಥಿ, ಓದಿಗೆ ಮನಸ್ಸು ನಿಲ್ಲದೆ, ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರವೊಂದನ್ನು ಎದುರಿಗಿಟ್ಟುಕೊಂಡು ಕಂಡುಕೊಂಡ ಉಪಾಯ. 25 ನಿಮಿಷ ಕೆಲಸ, ಗಂಟೆ ಬಾರಿಸಿದರೆ 5 ನಿಮಿಷ ಬಿಡುವು. ನಾನು ಆ ಲೆಕ್ಕದ ಆ್ಯಪ್ ಹಾಕಿಕೊಂಡೆ. ಬಿಡುವಿನ 5 ನಿಮಿಷ ನನಗೆ ಚೆನ್ನಾಗಿ ಒಗ್ಗಿತು. ಉಳಿದ 25 ನಿಮಿಷದಲ್ಲಿ ಗಂಟೆಯ ದನಿ ಯಾವುದಿರಬೇಕೆಂದು ಆರಿಸುತ್ತಿದ್ದೆ. ಕೊನೆಗೆ ಗುಡಿಯ ಗಂಟೆಯ ದನಿ ಇಟ್ಟೆ, ಜೋರಾಗಿಯೇ.

ಕೆಲವು ದಿನ ಕಳೆದ ಮೇಲೆ ಮನೆಯಲ್ಲಿ ಬೇಳೆ ಹದವಾಗಿ ಬೇಯತೊಡಗಿದ್ದನ್ನು ಗಮನಿಸಿದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ಅದರ ಪ್ರಭಾವವಿರಬೇಕು ಎಂದುಕೊಂಡಿದ್ದೆ. ಕೇಳಿದರೆ ಹೆಂಡತಿ, "ನಿಮ್ಮ ಗಂಟಿ ಹೊಡಿತದಲ್ರಿ, ಅದಕ್ಕ ಬೇಳಿ ಇಡ್ತೀನಿ. ಮತ್ತೊಮ್ಮಿ ಹೊಡೀತು ಅಂದ್ರ ಇಳಸ್ತೀನಿ" ಎಂದಳು. ಇಟಲಿಯ ಅಡುಗೆಮನೆಯಿಂದ ಹೊರಟ ವಿದ್ಯೆ ಜಗತ್ತಿನ ಆಫೀಸುಗಳನ್ನೆಲ್ಲ ಸುತ್ತಿ, ನಮ್ಮ ಅಡುಗೆಮನೆಗೆ ಬಂದ ಮೇಲೆಯೇ ಪ್ರಯೋಜನಕ್ಕೆ ಬಿತ್ತು. ನಡುವೆ ನಾನೊಂದು ದಿನ ಆ್ಯಪ್ ಬಂದ್ ಮಾಡಿದ್ದಕ್ಕೆ ಸಾರು ತಳ ಹಿಡಿಯಿತು. ಬೈಗುಳ ನನಗೇ.

ಆಮೇಲೆ, ದೋಷವಿರುವುದು ನನ್ನಲ್ಲಲ್ಲ, ಕಂಪ್ಯೂಟರಿನಲ್ಲಿ ಎಂಬ ಸಮಾಧಾನದ ವಿಚಾರ ಹೊಳೆಯಿತು. ಅದನ್ನು ಚೊಕ್ಕ ಮಾಡುವ ಆ್ಯಪ್ ತಂದೆ. ಅದು ಒಳಹೊಕ್ಕು ನೋಡಿ ರಿಜಿಸ್ಟ್ರಿಯಲ್ಲಿ ಸಾವಿರದ ಮೇಲೆ ದೋಷಗಳಿವೆ ಎಂದು ಕೆಂಪಕ್ಷರದಲ್ಲಿ ಬರೆಯಿತು. ದೋಷ ತೋರಿಸುವುದು ಪುಕ್ಕಟೆ, ತೆಗೆಯುವುದಕ್ಕೆ ಹಣ. ವಿಂಡೋಸ್ ಮಾಡಿದ ಮೈಕ್ರೋಸಾಫ್ಟೇ ಈ ರಿಜಿಸ್ಟ್ರಿ ತೊಳೆಯುವ ಆ್ಯಪುಗಳಿಗೆ ತನ್ನ ಬೆಂಬಲವಿಲ್ಲ ಎಂದು ಹೇಳಿದೆಯೆಂದು ಮಗ ಎಷ್ಟು ಹೇಳಿದರೂ ನಾನು ಕೇಳಲಿಲ್ಲ. ಕಂಪನಿಯವರಿಗೆ ಅಷ್ಟೆಲ್ಲ ಎಲ್ಲಿ ಗೊತ್ತಿರುತ್ತದೆ.

ಬೆನ್ನಿಗೇ ಇನ್ನೊಂದು ಆ್ಯಪ್ ಬಂತು, ಪ್ರೊಸೆಸರಿನ ಬಿಸಿ ಎಷ್ಟಿದೆಯೆಂದು ಮೂಲೆಯಲ್ಲಿ ತೋರಿಸುವುದು. ಮೇ ತಿಂಗಳ ಕಲಬುರಗಿ. ಹೊರಗೆ 43 ಡಿಗ್ರಿ, ನಲ್ಲಿ ತಿರುಗಿಸಿದರೆ ಬಿಸಿನೀರು. ಆ್ಯಪು ಪ್ರೊಸೆಸರಿಗೆ 80 ಡಿಗ್ರಿ ಎಂದಿತು. ಅದು ಸಹಿಸಿಕೊಳ್ಳುವ ಬಿಸಿಯೇ ಹೌದು, ಆದರೆ ನನಗೆ ಸಹಿಸಲಾಗಲಿಲ್ಲ. ಮನೆಗೆ ಇರುವ ಒಂದೇ ಕೂಲರನ್ನು ಎಳೆದು ತಂದು ಕಂಪ್ಯೂಟರಿನ ಕಡೆ ತಿರುಗಿಸಿದೆ. ರಾತ್ರಿ ಹೆಂಡತಿ ಚಾಪೆ ಸುತ್ತಿಕೊಂಡು ಮಾಳಿಗೆ ಹತ್ತುತ್ತ, "ಮುಂದಿನ ಜನ್ಮಕ್ಕ ನಾ ಕಂಪ್ಯೂಟರ್ ಆಗಿ ಹುಟ್ತೀನಿ" ಎಂದಳು. ಮಗ ದಿಂಬು ಹಿಡಿದು ಅವಳ ಹಿಂದೆ ಹೋದ. ನಾನೂ ಪ್ರೊಸೆಸರೂ ತಂಪಾಗಿ ಮಲಗಿದೆವು.

ಇಂಥ ಸುವ್ಯವಸ್ಥಿತ ಸಂಸಾರಕ್ಕೆ ಒಂದು ಮುಂಜಾನೆ ಮಾವನವರು ಕಮಲಾಪುರದಿಂದ ಬಸ್ಸಿಗೆ ಬಂದರು. ಕಂಕುಳಲ್ಲಿ ಕೆಂಪು ಬಾಳೆಯ ಚಿಪ್ಪು, ಜೇಬಿನಲ್ಲಿ ಪೆನ್ ಡ್ರೈವ್. ಹಿಂದೆ ಯಾವಾಗಲೋ ಬೆಳೆಗಾರರೆಲ್ಲ ಸೇರಿ ಬರೆಸಿದ್ದ ಅರ್ಜಿಯೊಂದು ಅದರಲ್ಲಿತ್ತು. "ತಾರೀಖ ಬದಲಿ ಮಾಡಿ ಒಂದು ಪ್ರಿಂಟ್ ತೆಗದ್ ಕೊಡ್ರಿ, ಹನ್ನೆರಡರ ಬಸ್ಸಿಗಿ ಹೋಗ್ತೀನಿ" ಎಂದರು. ಇಷ್ಟು ಸಣ್ಣ ಕೆಲಸಕ್ಕೆ ನನ್ನಂಥವನನ್ನು ಹಿಡಿದದ್ದಕ್ಕೆ ಒಳಗೊಳಗೇ ಬೇಸರಪಟ್ಟು ಕಂಪ್ಯೂಟರ್ ಚಾಲೂ ಮಾಡಿದೆ.

ಅದು ಚಾಲೂ ಆದರೆ ನನ್ನ ಆ್ಯಪುಗಳೆಲ್ಲ ಒಂದೊಂದಾಗಿ ಏಳುತ್ತವೆ. ಒಂದು ಶುಭೋದಯ ಹೇಳಿತು, ಒಂದು ಸುಭಾಷಿತ ತೋರಿಸಿತು, ಒಂದು ತನ್ನ ಹೊಸ ಆವೃತ್ತಿ ಬಂದಿದೆ ಎಂದಿತು. ಮಾವನವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕನ್ನಡಕ ಹಾಕಿಕೊಂಡರು.

"ಅಳಿಯಂದ್ರ, ಈ ನೀಲಿದು ಏನ್ ಮಾಡ್ತದ್ರಿ?"

"ಆಗಾಗ ನೀರು ಕುಡೀರಿ ಅಂತ ನೆನಪು ಮಾಡ್ತದ್ರಿ ಮಾವ."

"ನಿಮಗ ನೀರಡಿಕಿ ಆಗಂಗಿಲ್ಲೇನು?"

ಉತ್ತರಕ್ಕೆ ಕಾಯದೆ ಅವರ ಬೆರಳು ಮುಂದಕ್ಕೆ ಹೋಯಿತು. "ಇದು ಏನ್ ಮಾಡ್ತದ?"

"ಅದು ಎರಡನೇ ಮೆದುಳು ಇದ್ದಂಗ್ರಿ. ವಿಚಾರ ಎಲ್ಲಾ ಅದರಾಗ ಇಡ್ತೀನಿ."

"ಮೊದಲನೇದು ಎಲ್ಲಿ ಇಟ್ಟೀರಿ?"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಒಮ್ಮೆಲೇ ನಿಂತಿತು. ಆಕೆ ಕೇಳಿಸಿಕೊಳ್ಳುತ್ತಿದ್ದಳು.

"ಹೋಗ್ಲಿ ಬಿಡ್ರಿ, ಈ ಹಸರು ಗಿಡ?"

ನನಗೆ ಧೈರ್ಯ ಬಂತು. ಗಿಡದ ವಿಷಯ ರೈತರಿಗೆ ಹಿಡಿಸಬಹುದು. "ನಾ ಅರ್ಧ ತಾಸು ಮೊಬೈಲ್ ಮುಟ್ಟದೇ ಕೆಲಸ ಮಾಡಿದ್ರ ಇದರಾಗ ಒಂದು ಗಿಡ ಬೆಳೀತದ್ರಿ" ಎಂದೆ. ಕೆಂಪು ಬಾಳೆ ನೆಟ್ಟರೆ ಗೊನೆ ಕಡಿಯಲು ಒಂದೂವರೆ ವರ್ಷದಷ್ಟು ಕಾಯಬೇಕು, ನೀರು, ಗೊಬ್ಬರ, ಆಸರೆಗೆ ಗಳ, ಗಾಳಿ ಎದ್ದರೆ ರಾತ್ರಿ ನಿದ್ದೆ ಇಲ್ಲ. ಆ ಮನುಷ್ಯ ಅರ್ಧ ತಾಸಿನಲ್ಲಿ ಬೆಳೆದ ನನ್ನ ಗಿಡವನ್ನು ಬಹಳ ಹೊತ್ತು ನೋಡಿ, ಮೆಲ್ಲಗೆ ಕೇಳಿದರು: "ಗೊನಿ ಬಿಡ್ತದೇನ್ರಿ ಇದು?"

ನಾನು ಪೆನ್ ಡ್ರೈವ್ ಚುಚ್ಚಿದೆ. ಅದರಲ್ಲಿದ್ದದ್ದು ಗಂಟು ಕಟ್ಟಿದ ರಾರ್ ಫೈಲು. ನನ್ನಲ್ಲಿದ್ದ ಅಷ್ಟೂ ಆ್ಯಪುಗಳಲ್ಲಿ ಗಂಟು ಬಿಚ್ಚುವುದು ಒಂದೂ ಇರಲಿಲ್ಲ. ಮಗ ಬಂದು ಏನೋ ಇಳಿಸಿ ಬಿಚ್ಚಿಕೊಟ್ಟ. ಅರ್ಜಿ ತೆರೆದರೆ ಅದರಲ್ಲಿ ಒಂದಕ್ಷರ ಕನ್ನಡವಿಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಚುಕ್ಕಿ, ಬುಡದಲ್ಲಿ ಬಾಲ, ನಡುನಡುವೆ ಪೌಂಡು, ಡಾಲರಿನ ಗುರುತು. ಮಾವನವರು, "ಇದು ನಮ್ಮ ಅರ್ಜಿ ಅಲ್ರಿ, ಇಷ್ಟು ರೊಕ್ಕ ನಾವು ಕೇಳಿದ್ದಿಲ್ಲ" ಎಂದರು.

ಇದರ ಗುಟ್ಟು ಇಷ್ಟೇ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ಅದರ ಬೆನ್ನಿಗೆ ಬಂದು ಸರ್ಕಾರಿ ಕಚೇರಿಗಳನ್ನೆಲ್ಲ ಹೊಕ್ಕಿತು. ಆ ಕಾಲದ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಜಾಗವಿರಲಿಲ್ಲ. ತುಂಬಿದ ಬಸ್ಸಿನಲ್ಲಿ ಬೇರೆಯವರ ಸೀಟಿಗೆ ಟವೆಲ್ ಹಾಕಿ ಕೂತಂತೆ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ನಮ್ಮ ಕ, ಖ ಕೂತಿದ್ದವು. ಫಾಂಟು ಎಂಬ ಟವೆಲ್ ತೆಗೆದರೆ ಸೀಟಿನ ಮೂಲ ಮಾಲೀಕ ಎದ್ದು ಕಾಣುತ್ತಾನೆ. ಯೂನಿಕೋಡ್ ಬಂದ ಮೇಲೆ 128 ಸೀಟು ಕನ್ನಡದ ಹೆಸರಿಗೇ ರಿಸರ್ವ್ ಆಗಿ ಈ ಗೋಳು ತಪ್ಪಿತು. ಹಳೆಯ ಫೈಲುಗಳು ಮಾತ್ರ ಟವೆಲ್ ಕಾಯುತ್ತ ಹಾಗೇ ಕೂತಿವೆ. ಇದನ್ನೆಲ್ಲ ಮಾವನವರಿಗೆ ವಿಸ್ತಾರವಾಗಿ ವಿವರಿಸುತ್ತಿದ್ದೆ, ಕರೆಂಟ್ ಹೋಯಿತು. ಅವರು ರೊಟ್ಟಿ, ಶೇಂಗಾ ಚಟ್ನಿ ಮುಗಿಸಿ ಹನ್ನೆರಡರ ಬಸ್ಸಿಗೇ ಹೊರಟರು. ಸಂಜೆ ಫೋನ್ ಬಂತು. ಕಮಲಾಪುರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಪ್ರಿಂಟಾಗಿತ್ತು. ಚಹಾ ಬರುವುದರೊಳಗೆ.

ನನಗೆ ಎರಡು ದಿನ ಊಟ ರುಚಿಸಲಿಲ್ಲ. ಆ ಅಂಗಡಿಯ ಹುಡುಗನ ಹತ್ತಿರ ಯಾವ ಆ್ಯಪ್ ಇದ್ದೀತು? ಶನಿವಾರ ನೆವ ಮಾಡಿಕೊಂಡು ಕಮಲಾಪುರಕ್ಕೆ ಹೋಗಿ ಅಂಗಡಿಯೆದುರು ನಿಂತೆ. ಪಹಣಿಗೆ ಬಂದವರು, ಆಧಾರಿಗೆ ಬಂದವರು, ವಿದ್ಯಾರ್ಥಿವೇತನದ ಅರ್ಜಿಗೆ ಬಂದವರು, ಮೆಟ್ಟಿಲಿನ ತನಕ ಜನ. ಅವನ ಪರದೆಯ ಮೇಲೆ ಬೆರಳೆಣಿಕೆಯಷ್ಟು ಚಿತ್ರಗಳು. ಅದೇ ಅರ್ಜಿಯನ್ನು ನನ್ನ ಕಣ್ಣೆದುರು ಮತ್ತೆ ತೆರೆದ. ಕಂಟ್ರೋಲ್ ಒತ್ತಿ ಎ ಒತ್ತಿದ, ಫಾಂಟಿನ ಪಟ್ಟಿಯಲ್ಲಿ 'ನುಡಿ 01 ಇ' ಆರಿಸಿದ. ಡಾಲರು, ಪೌಂಡುಗಳೆಲ್ಲ ಹೋಗಿ, 'ಮಾನ್ಯರೇ' ಎಂದು ಅರ್ಜಿ ಕೈಮುಗಿದು ನಿಂತಿತು. ಆನ್‌ಲೈನಿಗೆ ಹಾಕುವುದಿದ್ದರೆ ಯೂನಿಕೋಡಿಗೆ ಪರಿವರ್ತಿಸುತ್ತಾನಂತೆ, ಅದಕ್ಕೊಂದು ಪುಟ್ಟ ತಂತ್ರಾಂಶ.

"ತಮ್ಮಾ, ಟು-ಡು ಪಟ್ಟಿಗಿ ಯಾವ ಆ್ಯಪ್ ಇಟ್ಟೀದಿ?" ಎಂದೆ.

ಅವನು ಗದ್ದದಿಂದ ಬಾಗಿಲು ತೋರಿಸಿದ. "ಅಲ್ಲಿ ನಿಂತಾರಲ್ರಿ."

"ಯಾವುದು ಮೊದಲು, ಯಾವುದು ಆಮೇಲೆ ಅಂತ ಹ್ಯಾಂಗ ಗೊತ್ತಾಗ್ತದ?"

"ಯಾರು ಭಾಳ ಬೈತಾರ ಅವರ್ದು ಮೊದಲು. ಸರಿ ನಿಂದ್ರಿ ಸರ್, ನಿಮ್ ಹಿಂದ ಅಜ್ಜ ನಿಂತಾರ."

ಕಲಬುರಗಿಗೆ ಬಂದವನೇ ಕಂಪ್ಯೂಟರ್ ಮುಂದೆ ಕೂತು ಪ್ರತಿಯೊಂದಕ್ಕೂ ಮಾವನವರ ಪ್ರಶ್ನೆ ಹಾಕಿದೆ: ಇದು ಏನ್ ಮಾಡ್ತದ? ಒಂದೇ ಮಾತಿನಲ್ಲಿ ಉತ್ತರ ಕೊಟ್ಟವು ಉಳಿದವು. ಸೆವೆನ್ ಝಿಪ್ ಗಂಟು ಬಿಚ್ಚುತ್ತದೆ. ಇಗೋರ್ ಪಾವ್ಲೊವ್ 1999ರಲ್ಲಿ ಬಿಡುಗಡೆ ಮಾಡಿದ ಈ ತಂತ್ರಾಂಶ ಇಂದಿಗೂ ಪುಕ್ಕಟೆ. ಎವೆರಿಥಿಂಗ್ ಎಂಬುದು ಫೈಲು ಹುಡುಕುತ್ತದೆ, ಹೆಸರಿನ ಎರಡಕ್ಷರ ಒತ್ತುವುದರೊಳಗೆ. ಪ್ಯಾರಿಸಿನ ವಿದ್ಯಾರ್ಥಿಗಳು 1996ರಲ್ಲಿ ಶುರುಮಾಡಿದ ಯೋಜನೆಯಿಂದ ಹುಟ್ಟಿದ ವಿಎಲ್‌ಸಿ, ನಾದಿನಿಯ ಮದುವೆಯ ಹಳೇ ಸಿಡಿಯನ್ನೂ ತೋರಿಸುತ್ತದೆ. ಲಿಬ್ರೆ ಆಫೀಸ್ ಬರೆಯಲು, ಲೆಕ್ಕ ಹಾಕಲು. 'ನಿಮ್ಮನ್ನು ಹೊಸ ಮನುಷ್ಯನನ್ನಾಗಿಸುತ್ತೇನೆ' ಎಂದವೆಲ್ಲ ಹೊರಗೆ ಹೋದವು. ಪೊಮೊಡೊರೊ ಮಾತ್ರ ಅಡುಗೆಮನೆಯ ತಡೆಯಾಜ್ಞೆಯ ಮೇಲೆ ಉಳಿದಿದೆ.

ಆಮೇಲೆ ನೋಡಿದರೆ, ನಾನು ಹುಡುಕುತ್ತಿದ್ದ ಎಷ್ಟೋ ಸವಲತ್ತು ಕಂಪ್ಯೂಟರಿನ ಜೊತೆಗೇ ಬಂದಿದ್ದವು. ವಿಂಡೋಸ್ ಕೀಲಿಯ ಜೊತೆ ವಿ ಒತ್ತಿದರೆ ಹಿಂದೆ ನಕಲು ಮಾಡಿದ್ದೆಲ್ಲ ಪಟ್ಟಿಯಾಗಿ ಬರುತ್ತದೆ, ಇದು 2018ರಿಂದ ಇದೆ. ವಿಂಡೋಸ್, ಶಿಫ್ಟ್, ಎಸ್ ಮೂರೂ ಒತ್ತಿದರೆ ಪರದೆಯ ಚಿತ್ರ ಸಿಗುತ್ತದೆ. ಉಚ್ಚಾರದಂತೆ ಕನ್ನಡ ಮೂಡಿಸುವ ಕೀಲಿಮಣೆ 2019ರಿಂದ ವಿಂಡೋಸಿನೊಳಗೇ ಇದೆ. ವೈರಸ್ ಕಾಯಲು ಡಿಫೆಂಡರ್ ಇದೆ. ಎಸ್‌ಎಸ್‌ಡಿ ಇರುವ ಯಂತ್ರಕ್ಕೆ ಹಳೆ ಕಾಲದ ಹಾಗೆ ಡಿಫ್ರಾಗ್ ಮಾಡುತ್ತ ಕೂರಬೇಕಾಗಿಲ್ಲ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಆ್ಯಪ್ ಇಳಿಸುವ ಮೊದಲು ಮಾವನವರ ಪ್ರಶ್ನೆ ಕೇಳಿರಿ. ಇಳಿಸುವುದಾದರೆ ಮಾಡಿದವರ ಸ್ವಂತ ತಾಣದಿಂದಲೇ ಇಳಿಸಿರಿ, ದಾರಿಯಲ್ಲಿ ಸಿಗುವ ಹಸಿರು ಬಟನ್ನುಗಳನ್ನು ನಂಬಬೇಡಿ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಮನೆಯಲ್ಲಿ ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಬರೆದಿಟ್ಟ ಅರ್ಜಿ, ಲಗ್ನಪತ್ರಿಕೆ, ಅಪ್ಪನ ಲೆಕ್ಕ, ಅಜ್ಜಿಯ ಹಾಡು ಏನಿದ್ದರೂ ಈ ವಾರವೇ ಯೂನಿಕೋಡಿಗೆ ಬದಲಿಸಿ, ಬೇರೊಂದು ಡಿಸ್ಕಿನಲ್ಲಿ ಪ್ರತಿ ಇಡಿ. ಅದಕ್ಕೆ ಯಾವ ಆ್ಯಪ್ ಒಳ್ಳೆಯದೆಂದು ಹೋಲಿಸುತ್ತ ಮಾತ್ರ ಕೂರಬೇಡಿ. ಮೊದಲು ಕೈಗೆ ಸಿಕ್ಕಿದ್ದರಲ್ಲೇ ಮಾಡಿ ಮುಗಿಸಿ.