ಅತ್ತೆಗೆ ಸೊಸೆಯ ಹೆಸರು

ಹಿಂದೂಸ್ತಾನದ ಬಾದಶಾಹನಿಗೆ ಮಾಡಲು ಕೆಲಸವೇ ಇರಲಿಲ್ಲ ಎಂದು ನನಗೆ ಗೊತ್ತಾದದ್ದು 2013ರಲ್ಲಿ. ಆ ಜೂನ್‌ನಲ್ಲಿ ಜೀ ಟಿವಿಯಲ್ಲಿ ‘ಜೋಧಾ ಅಕ್ಬರ್’ ಶುರುವಾಯಿತು. 2015ರ ಆಗಸ್ಟ್‌ವರೆಗೆ, 500ಕ್ಕೂ ಹೆಚ್ಚು ಕಂತುಗಳಲ್ಲಿ, ಪಾಪ ಆತ ಹೆಂಡತಿಯ ಕೋಣೆಯಿಂದ ಅಮ್ಮನ ಕೋಣೆಗೆ, ಅಲ್ಲಿಂದ ಸಾಕಮ್ಮನ ಕೋಣೆಗೆ ನಡೆದೂ ನಡೆದೂ ಸವೆದ. ಬಿಡುವಾದಾಗ ಒಂದೆರಡು ಯುದ್ಧ ಮಾಡಿ ಬರುತ್ತಿದ್ದ.

ನಮ್ಮತ್ತೆ ಇದರ ಒಂದು ಕಂತನ್ನೂ ಬಿಟ್ಟವರಲ್ಲ. ಕನ್ನಡಕ್ಕೆ ಡಬ್ಬಿಂಗ್ ಇಲ್ಲದ ಕಾಲ. ಅತ್ತೆಗೆ ಹಿಂದಿ ಬಾರದು. ಬರಬೇಕಾಗಿಯೂ ಇರಲಿಲ್ಲ. ಅಳುವುದಕ್ಕೆ ಯಾವ ಭಾಷೆ?

ಈ ಧಾರಾವಾಹಿಗಳ ಕೋಟೆಯಲ್ಲಿ ಕಲ್ಲಿಗಿಂತ ಪರದೆ ಹೆಚ್ಚು. ಪ್ರತಿ ಪರದೆಯ ಹಿಂದೆ ಒಬ್ಬ ದಾಸಿ, ಪ್ರತಿ ದಾಸಿಗೂ ಅರ್ಧ ವಾಕ್ಯ ಮಾತ್ರ ಕೇಳಿಸುವ ಕಿವಿ. ಆ ಅರ್ಧ ವಾಕ್ಯ ಒಡತಿಗೆ ಮುಟ್ಟುತ್ತದೆ, ಒಡತಿಯ ಹುಬ್ಬು ಏರುತ್ತದೆ, ಏರಿದ ಹುಬ್ಬನ್ನು ಕ್ಯಾಮೆರಾ ಮೂರು ದಿಕ್ಕಿನಿಂದ ತೋರಿಸುತ್ತದೆ. ಆಮೇಲೆ ದರ್ಬಾರಿನಲ್ಲಿ ಸಾಲಾಗಿ ನಿಂತ ಹದಿನಾಲ್ಕು ಜನರ ಮುಖ, ಒಂದೊಂದಕ್ಕೂ ಒಂದೊಂದು ಗುಡುಗು. ಪಾಯಸದಲ್ಲಿ ವಿಷ ಬಿದ್ದಿದೆ. ಹಾಕಿದವಳು ತಾನಲ್ಲ ಎಂದು ರಾಣಿ ಒಂದು ಮಾತು ಅಂದರೆ ಕಥೆ ಅಲ್ಲಿಗೇ ಮುಗಿಯಿತು. ಅವಳು ಅನ್ನುವುದಿಲ್ಲ. ಕಣ್ಣು ತುಂಬಿಕೊಂಡು ಕಿಟಕಿಯಾಚೆ ನೋಡುತ್ತಾಳೆ. “ಹೇಳಿ ಸಾಯೇ ಮಾರಾಯ್ತಿ” ಎಂದು ನಮ್ಮತ್ತೆ ಸೋಫಾದ ತುದಿಗೆ ಬರುತ್ತಾರೆ. ಅವಳು ಹೇಳುವುದು ಮುಂದಿನ ತಿಂಗಳು.

ನನಗೆ ಸಿಟ್ಟು ಬರುವುದು ಇವರು ಚರಿತ್ರೆಗೆ ಮಸಾಲೆ ಹಾಕಿದ್ದಕ್ಕಲ್ಲ. ಖಾರವೇ ಖಾರವಾಗಿದ್ದ ಚರಿತ್ರೆಯನ್ನು ತೊಳೆದು, ಹಿಂಡಿ, ಸಪ್ಪೆ ಮಾಡಿದ್ದಕ್ಕೆ.

ಮದುವೆಯಿಂದಲೇ ನೋಡಿ. ತೆರೆಯ ಮೇಲೆ ಅದು ಎರಡು ಹೃದಯಗಳ, ಎರಡು ಧರ್ಮಗಳ ತಾಕಲಾಟ. ನಡೆದದ್ದು ಶುದ್ಧ ದಾಯಾದಿ ಜಗಳ. ಆಮೇರಿನ ರಾಜಾ ಭಾರಮಲ್‌ನ ಗದ್ದುಗೆಯ ಮೇಲೆ ಅವನ ಅಣ್ಣನ ಮಗ ಸೂಜಾನ ಕಣ್ಣು. ಸೂಜಾನ ಬೆನ್ನಿಗೆ ಮೊಘಲ್ ಅಧಿಕಾರಿ ಮಿರ್ಜಾ ಷರ್ಫುದ್ದೀನ್. ಮಿರ್ಜಾ ಕಪ್ಪ ಕೇಳಿದ್ದಲ್ಲದೆ ಭಾರಮಲ್‌ನ ಮಗನನ್ನೂ ಮನೆತನದ ಬೇರೆ ಹುಡುಗರನ್ನೂ ಒತ್ತೆ ಇಟ್ಟುಕೊಂಡ. 1562ರ ಶುರುವಿಗೆ ಅಕ್ಬರ್ ಅಜ್ಮೀರಿಗೆ ಹೊರಟಿದ್ದಾಗ ಭಾರಮಲ್ ಸಾಂಗಾನೇರಿನಲ್ಲಿ ಅವನನ್ನು ಕಂಡ. ಫೆಬ್ರುವರಿಯಲ್ಲಿ ಸಾಂಭರ್‌ನಲ್ಲಿ ಮಗಳ ಮದುವೆ. ಒತ್ತೆಯ ಹುಡುಗರು ಮನೆಗೆ ಬಂದರು, ಆಮೇರಿನ ಗದ್ದುಗೆ ಉಳಿಯಿತು. ಮದುಮಗನಿಗೆ ಆಗ 19 ವರ್ಷ. ಮದುಮಗಳ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಬರೆದಿಡಲಿಲ್ಲ. ಆ ಖಾಲಿ ಜಾಗದಲ್ಲಿ ಎರಡು ವರ್ಷದ ಕಣ್ಣೀರು ಸುರಿಯಬಹುದು ಎಂದು ಕಂಡುಕೊಂಡವರನ್ನು ವ್ಯಾಪಾರದ ದೃಷ್ಟಿಯಿಂದ ಮೆಚ್ಚಲೇಬೇಕು.

ಇನ್ನು ಸಾಕಮ್ಮ ಮಾಹಮ್ ಅಂಗಾ. ಧಾರಾವಾಹಿಯಲ್ಲಿ ಈಕೆಯ ಕೆಲಸ ಕಾಡಿಗೆ ತೀಡಿಕೊಂಡು ಸಂಚು ಹೂಡುವುದು. ಅಸಲಿ ಮಾಹಮ್ ಅಂಗಾಳಿಗೆ ಇಂಥ ಚಿಲ್ಲರೆ ಕೆಲಸಕ್ಕೆ ಪುರುಸೊತ್ತಿರಲಿಲ್ಲ. 1560ರಲ್ಲಿ ರಾಜ್ಯವನ್ನೇ ಆಳುತ್ತಿದ್ದ ಬೈರಾಮ್ ಖಾನ್ ಮೂಲೆ ಸೇರಿದ್ದರಲ್ಲಿ ಆಕೆಯ ಕೈ ಇತ್ತು. ಮರುವರ್ಷ ಮಗ ಅಧಮ್ ಖಾನ್ ಮಾಳ್ವ ಗೆದ್ದು, ಕೊಳ್ಳೆಯನ್ನೂ ಅಲ್ಲಿನ ಅಂತಃಪುರದ ಹೆಂಗಸರನ್ನೂ ತಾನೇ ಇಟ್ಟುಕೊಂಡ. ಅಕ್ಬರ್ ಖುದ್ದು ಕುದುರೆ ಏರಿ ಹೋದ. ಎಲ್ಲ ಒಪ್ಪಿಸಿದ ಮೇಲೂ ಅಧಮ್ ಖಾನ್ ಇಬ್ಬರು ಹೆಂಗಸರನ್ನು ಬಚ್ಚಿಟ್ಟ. ಸುದ್ದಿ ಹೊರಬಿತ್ತು, ಇಬ್ಬರೂ ಸಿಕ್ಕರು. ಅವರು ಬಾದಶಾಹನ ಎದುರು ಬಾಯಿ ಬಿಡುವ ಮೊದಲೇ ಮಾಹಮ್ ಅಂಗಾ ಇಬ್ಬರನ್ನೂ ಕೊಲ್ಲಿಸಿದಳು. ಹಿಂದೆ ಗುಡುಗಿಲ್ಲ, ಪರದೆಯೂ ಇಲ್ಲ. ಅಕ್ಬರನ ಆಸ್ಥಾನದ ಚರಿತ್ರೆಕಾರ ಅಬುಲ್ ಫಜಲ್ ಇದನ್ನು ಕೆಲವೇ ಸಾಲಿನಲ್ಲಿ ಬರೆದು ಮುಂದೆ ಹೋಗುತ್ತಾನೆ.

ಹೊಸ ಸೊಸೆ ಬಂದು ಮೂರೇ ತಿಂಗಳು. ಅಕ್ಬರ್ ಮಂತ್ರಿಪದವಿಯನ್ನು ಅತಗಾ ಖಾನ್‌ಗೆ ಕೊಟ್ಟಿದ್ದ. ಅತಗಾ ಖಾನ್ ಎಂದರೆ ಇನ್ನೊಬ್ಬ ಸಾಕಮ್ಮನ ಗಂಡ. (ಹಾಲು ಕುಡಿಸಿದ ಎರಡು ಮನೆಗಳ ನಡುವಿನ ಹಗೆ! ಇಂಥ ಎಳೆ ಸಿಕ್ಕರೆ ನಮ್ಮ ಧಾರಾವಾಹಿಕಾರರು ಮೊಮ್ಮಕ್ಕಳ ಕಾಲದವರೆಗೂ ಎಳೆದಾರು.) 1562ರ ಮೇ ತಿಂಗಳಲ್ಲಿ ಒಂದು ದಿನ ಅಧಮ್ ಖಾನ್ ತನ್ನವರೊಂದಿಗೆ ಆಗ್ರಾ ಕೋಟೆಗೆ ನುಗ್ಗಿ, ಕಚೇರಿಯಲ್ಲೇ ಅತಗಾ ಖಾನನನ್ನು ಮುಗಿಸಿದ. ಮಲಗಿದ್ದ ಅಕ್ಬರ್ ಗದ್ದಲಕ್ಕೆ ಎದ್ದು ಬಂದ, ಅಧಮ್ ಖಾನನ ಮುಖಕ್ಕೆ ಒಂದು ಗುದ್ದು ಕೊಟ್ಟ, ಜಗುಲಿಯ ಮೇಲಿಂದ ಕೆಳಗೆ ಎಸೆಯಿಸಿದ. ಜೀವ ಹೋಗಿರಲಿಲ್ಲ. ಮೇಲೆ ತರಿಸಿ ಮತ್ತೆ ಎಸೆಯಿಸಿದ. ಆಮೇಲೆ ತಾನೇ ಹೋಗಿ ಮಾಹಮ್ ಅಂಗಾಳಿಗೆ ಸುದ್ದಿ ಹೇಳಿದ. ಸರಿಯಾದದ್ದನ್ನೇ ಮಾಡಿದೆ ಎಂದಳಂತೆ ತಾಯಿ. ನಲವತ್ತು ದಿನಕ್ಕೆ ತಾನೂ ಹೋದಳು.

ಒಂದೇ ದಿನದ ಕೆಲಸ. ಧಾರಾವಾಹಿಯ ಗಡಿಯಾರದಲ್ಲಿ ಅಧಮ್ ಖಾನ್ ನೆಲ ಮುಟ್ಟುವುದಕ್ಕೇ ಸೋಮವಾರದಿಂದ ಶುಕ್ರವಾರ ಬೇಕು. ತಾಯಿ ಮಗ ಇಬ್ಬರಿಗೂ ಅಕ್ಬರ್ ದಿಲ್ಲಿಯ ಮೆಹ್ರೌಲಿಯಲ್ಲಿ ಗೋರಿ ಕಟ್ಟಿಸಿದ. 1830ರ ದಶಕದಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ ಅದನ್ನೇ ತನ್ನ ಬಂಗಲೆ ಮಾಡಿಕೊಂಡು, ಊಟದ ಮೇಜಿಗೆ ಅಡ್ಡವೆಂದು ಸಮಾಧಿ ತೆಗೆಸಿದ. ಮೊಘಲರ ರಾಜಕಾರಣವನ್ನು ಊಟದ ಮನೆಗೆ ತಂದ ಮೊದಲಿಗರು ನಮ್ಮ ಟಿವಿಯವರು ಎಂದುಕೊಂಡಿದ್ದೆ. ತಪ್ಪು.

ಧಾರಾವಾಹಿಯ ವಿರುದ್ಧ ಯಾರೂ ದನಿ ಎತ್ತಲಿಲ್ಲ ಎನ್ನುವಂತಿಲ್ಲ. ರಜಪೂತ ಸಂಘಟನೆಗಳು ಬೀದಿಗಿಳಿದವು. ಇದೇ ಹೆಸರಿನ 2008ರ ಸಿನಿಮಾಕ್ಕೂ ಹೀಗೇ ಆಗಿತ್ತು. ತಕರಾರು ಹೆಸರಿನದು. ಅದರಲ್ಲಿ ಹುರುಳಿದೆ: ಅಬುಲ್ ಫಜಲ್ ಬರೆದ ಅಕ್ಬರ್‌ನಾಮಾದಲ್ಲಿ ‘ಜೋಧಾ’ ಇಲ್ಲ. ಆಮೇರಿನ ಮಗಳನ್ನು ದಾಖಲೆಗಳು ಕರೆಯುವುದು ಮರಿಯಮ್-ಉಜ್-ಜಮಾನಿ ಎಂಬ ಬಿರುದಿನಿಂದ. ಜೋಧಪುರದ ಹೆಣ್ಣೆಂದು ಜೋಧಬಾಯಿ ಅನ್ನಿಸಿಕೊಂಡವಳು ಆಕೆಯ ಮಗ ಜಹಾಂಗೀರನ ಹೆಂಡತಿ, ಷಾಜಹಾನನ ತಾಯಿ. 1960ರ ‘ಮೊಘಲ್-ಎ-ಆಜಮ್’ ಹೊತ್ತಿಗಾಗಲೇ ಹೆಸರು ಅದಲುಬದಲಾಗಿತ್ತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆ ಕೇಳಿದ್ದೇವೆ. ಅತ್ತೆಗೇ ಸೊಸೆಯ ಹೆಸರಿಟ್ಟು, ಆಮೇಲೆ ಅತ್ತೆ-ಸೊಸೆ ಧಾರಾವಾಹಿಗಳ ಧಾಟಿಯಲ್ಲೇ ಅಳಿಸುವುದು ಹೊಸ ವಿದ್ಯೆ.

ಹೆಸರಿಗೆ ಜಗಳವಾಯಿತು, ಹಡಗಿಗೆ ಆಗಲಿಲ್ಲ. ಹೌದು, ಆಕೆಗೆ ಹಡಗಿತ್ತು. ಬಯಾನಾದ ನೀಲಿ ಬಣ್ಣವನ್ನು ಆಕೆಯ ಗುಮಾಸ್ತರು ಕೊಳ್ಳುತ್ತಿದ್ದರು. ಆ ವ್ಯಾಪಾರದಲ್ಲಿ ಇಂಗ್ಲಿಷರೊಂದಿಗೆ ಪೈಪೋಟಿಯೂ ನಡೆದಿತ್ತು. ಸೂರತ್ತಿನಿಂದ ಕೆಂಪು ಸಮುದ್ರಕ್ಕೆ ಹಾಜಿಗಳನ್ನೂ ಸರಕನ್ನೂ ಹೊತ್ತು ಹೋಗುತ್ತಿದ್ದ ಆಕೆಯ ‘ರಹೀಮಿ’ಯನ್ನು 1613ರಲ್ಲಿ ಪೋರ್ಚುಗೀಸರು ಹಿಡಿದರು, ಅದೂ ತಮ್ಮದೇ ರಹದಾರಿ ಇದ್ದಾಗ. ಜಹಾಂಗೀರ್ ದಮನ್‌ಗೆ ಸೈನ್ಯ ಕಳಿಸಿದ, ಪಾದ್ರಿಗಳ ಚರ್ಚುಗಳಿಗೆ ಬೀಗ ಹಾಕಿಸಿದ. ಆಗ ಆಕೆ ಮದುವೆಯಾಗಿ ಐವತ್ತು ವರ್ಷ ದಾಟಿದ ವಿಧವೆ.

ಜಾಹೀರಾತಿನ ನಡುವೆ ಈ ಹಡಗಿನ ಕಥೆಯನ್ನು ಅತ್ತೆಗೆ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಹಡಗಲ್ಲಿ ಎಷ್ಟು ಮಾಲಿತ್ತು?” ಅಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಜಾಹೀರಾತು ಮುಗಿದಿತ್ತು. ರಾಣಿ ಕಿಟಕಿಯ ಬಳಿ ನಿಂತಿದ್ದಳು, ಕಣ್ಣು ತುಂಬಿತ್ತು, ಹಿಂದೆ ಪರದೆ ಅಲ್ಲಾಡಿತು. ಅತ್ತೆ ರಿಮೋಟ್ ತೆಗೆದು ಸದ್ದು ಅಡಗಿಸಿದರು.

“ನೀನು ಹೇಳು. ಅವಳು ಹೇಗಿದ್ದರೂ ಇನ್ನೂ ಒಂದು ವಾರ ಅಲ್ಲೇ ನಿಂತಿರ್ತಾಳೆ.”