ಅಂಗಳಕ್ಕೊಂದು ನೆಲಹಾಸು

ಉಡುಪಿ ಕಡೆ ಗಿಡ ನೆಡಲು ಯಾವ ಜಾಣತನವೂ ಬೇಡ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆಗ ಮೂಲೆಯಲ್ಲಿಟ್ಟ ಹಿಡಿಸೂಡಿಯೂ ಚಿಗುರೀತೆಂಬ ಭಯ. ಕಷ್ಟ ಶುರುವಾಗುವುದು ಮಾರ್ಚಿನಲ್ಲಿ. ಮಣಿಪಾಲದ ಗುಡ್ಡೆಯ ಮೇಲಿರುವ ನಮ್ಮ ಅಂಗಳ ಅಪ್ಪಟ ಮುರಕಲ್ಲು. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಬೇಸಿಗೆಯಲ್ಲಿ ದೋಸೆ ಕಾವಲಿ. ಎರಡಕ್ಕೂ ಜಗ್ಗದ ಹಸಿರು ಹಾಸಬೇಕೆಂದು ನಿವೃತ್ತನಾದ ನಾನು ಪಣ ತೊಟ್ಟೆ. ನಿವೃತ್ತರಿಗೆ ಪಣ ತೊಡಲು ಪುರುಸೊತ್ತಿರುತ್ತದೆ, ಮನೆಯವರಿಗೆ ಅದನ್ನು ಕೇಳಲು ಇರುವುದಿಲ್ಲ.

ಹೆಂಡತಿಯ ತವರು ಕಾಪು. ಅಲ್ಲಿ ಎಲ್ಲರೂ 1901ರ ದೀಪಸ್ತಂಭವನ್ನು ತಲೆಯೆತ್ತಿ ನೋಡುತ್ತಾರೆ. ನಾನು ತಲೆ ತಗ್ಗಿಸಿ ಮರಳಲ್ಲಿ ಹಬ್ಬಿದ ಅಡುಂಬು ಬಳ್ಳಿ ನೋಡುತ್ತೇನೆ. ಆಡಿನ ಗೊರಸಿನ ಆಕಾರದ ಎಲೆ, ನಸುನೇರಳೆ ಹೂವು, ಗಂಟುಗಂಟಿಗೂ ಬೇರು. ಉಪ್ಪುಗಾಳಿ, ಬಿಸಿಲು, ಕ್ರಿಕೆಟ್ ಆಡುವ ಮಕ್ಕಳು, ಯಾವುದಕ್ಕೂ ಕ್ಯಾರೇ ಎನ್ನದು. ಒಂದು ತುಂಡು ಕೀಳಲು ಬಗ್ಗಿದ್ದೇ ತಡ, "ಮರಳು ಹಿಡಿದಿಡುವ ಬಳ್ಳಿ ಮಾರಾಯ್ರೆ ಅದು! ನಾಳೆ ಕಡಲು ಕೊರೆದರೆ ನೀವು ಬಂದು ಅಡ್ಡ ಮಲಗ್ತೀರಾ?" ಎಂದಳು. ನನ್ನ ಹೊಟ್ಟೆಯ ಸುತ್ತಳತೆ ಗೊತ್ತಿದ್ದವರಿಗೆ ಅದೇನೂ ಆಗದ ಮಾತಲ್ಲ.

ಕಾರ್ಕಳದಲ್ಲಿ ಮತ್ತೊಂದು ಪಾಠ. 1432ರಿಂದ ಬಂಡೆಯ ಮೇಲೆ ನಿಂತಿರುವ 42 ಅಡಿಯ ಗೊಮ್ಮಟನ ಕಾಲಿಗೂ ಕಲ್ಲಿನ ಬಳ್ಳಿ ಹಬ್ಬಿದೆ. ಕದಲದಿದ್ದರೆ ಬಳ್ಳಿ ತಾನಾಗಿ ಬರುತ್ತದೆಂದು ಅರ್ಥ ಮಾಡಿಕೊಂಡೆ. ಕದಲದಿರುವುದರಲ್ಲಿ ನಾನೇನು ಕಮ್ಮಿ? ಆದರೂ ನನ್ನ ಈಸಿಚೇರಿನ ಸುತ್ತ ಒಂದು ಗರಿಕೆಯೂ ಹುಟ್ಟಲಿಲ್ಲ.

ನರ್ಸರಿಯವರು ಹೊಗಳಿ ಕೊಟ್ಟದ್ದು ಹಳದಿ ಹೂವಿನ ವೆಡೆಲಿಯಾ. ಮೂಲ ಅಮೆರಿಕ ಖಂಡದ ಉಷ್ಣವಲಯ. ಜಗತ್ತಿನ ನೂರು ಮಹಾ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ನೆಲ ಮುಚ್ಚುವುದರಲ್ಲಿ ಎರಡು ಮಾತಿಲ್ಲ, ನಿಲ್ಲಿಸುವುದು ಗೊತ್ತಿಲ್ಲ ಅಷ್ಟೆ. ಅದು ಬಾವಿಕಟ್ಟೆ ದಾಟಿ ಅಮ್ಮನ ಒಂದೆಲಗದತ್ತ ಮುಖ ಮಾಡಿದ ದಿನ ಅಮ್ಮ ಕತ್ತಿ ಹಿಡಿದು ಇಳಿದರು. "ಮಗಾ, ನೀನು ಒಳಗೆ ಹೋಗಿ ಕೂತ್ಕೋ" ಎಂದರು. ತೋಟಗಾರಿಕೆಯಲ್ಲಿ ನನಗೆ ಸಿಕ್ಕಿದ ಏಕೈಕ ಜವಾಬ್ದಾರಿಯನ್ನು ಚೆನ್ನಾಗಿಯೇ ನಿಭಾಯಿಸಿದೆ.

ಮಳೆಗಾಲದಲ್ಲಿ ಮುರಕಲ್ಲ ಬಯಲಲ್ಲಿ ಬೆರಳುದ್ದದ ಯುಟ್ರಿಕ್ಯುಲೇರಿಯಾಗಳು ನೀಲಿ ಹಾಸುತ್ತವೆ. ಆ ಬಡ ನೆಲದಲ್ಲಿ ಗೊಬ್ಬರಕ್ಕೆ ಕಾಯದೆ, ಮಣ್ಣೊಳಗಿನ ಪುಟ್ಟ ಚೀಲಗಳಲ್ಲಿ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುತ್ತವೆ. ಇದನ್ನು ಊಟದ ಹೊತ್ತಲ್ಲಿ ವಿವರಿಸಿದಾಗ ಹೆಂಡತಿ, "ವಾಸಿ, ಬಡಿಸಲು ಯಾರೂ ಬೇಡ" ಎಂದು ನನ್ನ ಬಟ್ಟಲು ನೋಡಿದಳು.

ಕೊನೆಗೆ ಅಂಗಳ ಹಸಿರಾಗಿಸಿದ್ದು ಬಾವಿಕಟ್ಟೆಯ ಆ ಒಂದೆಲಗ, ತುಳುವಿನ ತಿಮರೆ. ನೀರು ಹರಿದಲ್ಲಿ ಗಂಟು ಊರಿ ತಾನೇ ನಡೆದು ಬಂತು. ಬಂದವರಿಗೆ ನಾನು "ನನ್ನ ಗ್ರೌಂಡ್ ಕವರ್" ಎಂದು ತೋರಿಸುವಷ್ಟರಲ್ಲಿ ಅದು ಮಜ್ಜಿಗೆ ಸೇರಿ ತಂಬುಳಿಯಾಗಿರುತ್ತದೆ. ಒಂದೆಲಗ ನೆನಪಿನ ಶಕ್ತಿಗೆ ಒಳ್ಳೆಯದೆನ್ನುತ್ತಾರೆ. ಅದಕ್ಕೇ ಇರಬೇಕು, ಬೇಸಿಗೆಯಲ್ಲಿ ನಾನು ನೀರು ಹಾಕಲು ಮರೆತದ್ದನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ.

ಆದ್ದರಿಂದ, ಮುರಕಲ್ಲ ಅಂಗಳದ ಮಹನೀಯರೇ, ವೆಡೆಲಿಯಾ ತರಬೇಡಿ. ಮಳೆ ಹಿಡಿದ ಮೇಲೆ ನೆರೆಮನೆಯಲ್ಲಿ ಒಂದೆಲಗದ ನಾಲ್ಕು ಗಂಟು ಕೇಳಿ. ನಮ್ಮಲ್ಲಿಗೂ ಬರಬಹುದು, ಅಮ್ಮನನ್ನೇ ಕೇಳಬೇಕು.