ಮಂಗಳವಾರ ಹೇಳಬಾರದ ಕತೆ

ವೈಜ್ಞಾನಿಕ ಕಾದಂಬರಿ ಓದಿ ನಿದ್ದೆಗೆಡುವ ರೋಗ ನನಗೆ ಕಾಲೇಜಿನಲ್ಲೇ ಅಂಟಿತು. ಲೋಕ ಹಾಳಾಗುವ ಕತೆಗಳೆಂದರೆ ಇನ್ನೂ ಇಷ್ಟ. ರಜೆಗೆಂದು ಅಜ್ಜಿಯ ಊರು ಗೌರಸಮುದ್ರಕ್ಕೆ ಬರುವಾಗ ಬ್ಯಾಗಿನಲ್ಲಿ ಬಟ್ಟೆಗಿಂತ ಇಂಥ ಪುಸ್ತಕಗಳೇ ಹೆಚ್ಚಿರುತ್ತಿದ್ದವು. ಅಜ್ಜಿಗೆ ಓದು ಬರದು. ಆದರೆ ಬಿತ್ತನೆಗೆ ಶೇಂಗಾ ಸುಲಿಯುವಾಗ ಕೈಗೆ ಕೆಲಸವಿದ್ದರೂ ಕಿವಿ ಖಾಲಿ ಇರುತ್ತದಲ್ಲ, "ಒಬ್ಬನೇ ಏನ್ ಓದ್ತೀಯಲಾ, ನಂಗೂ ಹೇಳು" ಎನ್ನುತ್ತಿದ್ದಳು. ನನ್ನ ಭಯಗಳು ಒಂದೊಂದಾಗಿ ಕೆಟ್ಟುಹೋಗಲು ಶುರುವಾಗಿದ್ದು ಅಲ್ಲಿಂದಲೇ.

ಮೊದಲು ಹೇಳಿದ್ದು ಎಚ್.ಜಿ. ವೆಲ್ಸ್ 1898ರಲ್ಲಿ ಪುಸ್ತಕವಾಗಿ ತಂದ 'ದಿ ವಾರ್ ಆಫ್ ದಿ ವರ್ಲ್ಡ್ಸ್'. ಮಂಗಳ ಗ್ರಹದವರು ಮೂರು ಕಾಲಿನ ಯಂತ್ರಗಳಲ್ಲಿ ಕೂತು ಬಂದು ಇಂಗ್ಲೆಂಡನ್ನು ಸುಡುತ್ತಾರೆ. ಫಿರಂಗಿಗಳಿಗೂ ಅವರನ್ನು ತಡೆಯಲಾಗುವುದಿಲ್ಲ. ಕೊನೆಗೆ ಕಣ್ಣಿಗೆ ಕಾಣದ ನಮ್ಮ ಭೂಮಿಯ ರೋಗಾಣು ತಗುಲಿ ನಿಂತಲ್ಲೇ ಸಾಯುತ್ತಾರೆ. ಅಜ್ಜಿ ಒಂದು ಕಾಯಿ ಒಡೆದು ಬೀಜ ಮೊರಕ್ಕೆ ಹಾಕಿ, "ಅಮ್ಮ ಆಗೈತೆ ಅವಕ್ಕೆ" ಎಂದಳು. "ಬೇವಿನಸೊಪ್ಪು ಹಾಸಿ ಮಲಗ್ಸೋರು ಯಾರೂ ಇರ್ಲಿಲ್ಲ, ಪಾಪ."

ಗೌರಸಮುದ್ರವೆಂದರೆ ಮಾರಮ್ಮನ ಊರು. ಶ್ರಾವಣ ಕಳೆದ ಮಂಗಳವಾರದ ಜಾತ್ರೆಗೆ ನಮ್ಮ ಜಿಲ್ಲೆಯವರಷ್ಟೇ ಅಲ್ಲ, ಆಂಧ್ರದವರೂ ಬರುತ್ತಾರೆ. ಅಮ್ಮ ತುಮಲು ಎಂಬ ಬಯಲಿಗೆ ಬಂದಳೆಂದರೆ ಜನ ಈರುಳ್ಳಿ, ಕೋಳಿಗಳನ್ನು ಅವಳತ್ತ ತೂರುತ್ತಾರೆ. ಮಂಗಳದವರು ಮಂಗಳವಾರವೇ ಬಂದು ಆ ಬಯಲಿನಲ್ಲಿ ಇಳಿದಿದ್ದರೆ ಏನಾಗುತ್ತಿತ್ತೆಂದು ನಾನು ಯೋಚಿಸಿದ್ದೇನೆ. ಯಾರೂ ಓಡುತ್ತಿರಲಿಲ್ಲ. ಮೂರು ಕಾಲಿನ ಯಂತ್ರ ನೋಡಿ "ಇದು ಯಾವೂರ ದೇವ್ರು?" ಎಂದು ಕೇಳಿ, ಅದರ ಮೇಲೂ ನಾಲ್ಕು ಈರುಳ್ಳಿ ಎಸೆದು ಕೈ ಮುಗಿಯುತ್ತಿದ್ದರು.

ಫ್ರಾಂಕ್ ಹರ್ಬರ್ಟನ 'ಡ್ಯೂನ್' (1965) ಎರಡೇ ದಿನಕ್ಕೆ ನಿಂತಿತು. ಮರಳುಗಾಡಿನ ಗ್ರಹ, ಬೆವರನ್ನೂ ಬಿಡದೆ ಸೋಸಿ ಕುಡಿಸುವ ಅಂಗಿ, ನೀರೇ ಐಶ್ವರ್ಯ. ಅಜ್ಜಿ ಕಾದಳು, ಕಾದಳು, ಆಮೇಲೆ "ಇದ್ರಾಗೆ ಕತೆ ಎಲ್ಲೈತಲಾ?" ಎಂದಳು. ರಾಜ್ಯದಲ್ಲೇ ತೀರಾ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ನಮ್ಮ ಚಳ್ಳಕೆರೆಯೂ ಒಂದು. ಬೋರಿನಲ್ಲಿ ನೀರು ಬಂದರೂ ಫ್ಲೋರೈಡ್ ಜೊತೆಗೆ ಬರುತ್ತದೆ. ನಾಣ್ಯ ಹಾಕಿ, ಶುದ್ಧ ನೀರಿನ ಘಟಕದ ನಲ್ಲಿಯ ಕೆಳಗೆ ಕ್ಯಾನ್ ಇಟ್ಟು ಕಾಯುವವಳಿಗೆ ಹರ್ಬರ್ಟ್ ಪಕ್ಕದೂರಿನ ಸುದ್ದಿ ಹೇಳಿದ ಹಾಗಾಯಿತು.

ಪುಸ್ತಕಗಳನ್ನೆಲ್ಲ ಸುಡುವ ಸರ್ಕಾರ, ಅವನ್ನು ಬಾಯಿಪಾಠ ಮಾಡಿಕೊಂಡು ಕಾಡು ಸೇರುವ ಜನ. ಇದು ಬ್ರಾಡ್‌ಬರಿಯ 'ಫ್ಯಾರನ್‌ಹೀಟ್ 451'. ಇದಕ್ಕೂ ಅಜ್ಜಿ ಬೆಚ್ಚಲಿಲ್ಲ. ಬೆಚ್ಚುವುದಾದರೂ ಏತಕ್ಕೆ? ಇದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ ಅಕ್ಷರ ಕಲಿಯದ ಸಿರಿಯಜ್ಜಿ ಸಾವಿರಾರು ಹಾಡುಗಳನ್ನು ನಾಲಿಗೆಯ ಮೇಲೇ ಇಟ್ಟುಕೊಂಡು ಬದುಕಿದ್ದಳು. ಸುಡುವವರು ಬಂದಿದ್ದರೆ ಬರಿಗೈಯಲ್ಲಿ ವಾಪಸು ಹೋಗಬೇಕಿತ್ತು.

ಈ ನಡುವೆ ಹೊರಗಿನ ಲೋಕವೇ ಕಾದಂಬರಿಯಾಗತೊಡಗಿತು. ನಮ್ಮ ತಾಲ್ಲೂಕಿನ ಕುದಾಪುರದ ಕಡೆ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಹೋಯಿತು, ಡಿಆರ್‌ಡಿಒ ವಿಮಾನ ಪರೀಕ್ಷೆಯ ನೆಲೆ ಕಟ್ಟಿತು. ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿಗೆ ಗೋಡೆ ಬಂತು. ಕುರಿಗಳಿಗೆ ಈ ವಿಷಯ ತಿಳಿಸಿದವರು ಯಾರೂ ಇಲ್ಲವಾದ್ದರಿಂದ ಅವು ಬಹಳ ದಿನ ಗೋಡೆಯವರೆಗೂ ಹೋಗಿ ನಿಲ್ಲುತ್ತಿದ್ದವಂತೆ. 2023ರ ಏಪ್ರಿಲ್ 2ರ ಬೆಳಗ್ಗೆ ಇಸ್ರೋದವರು ರೆಕ್ಕೆಯಿರುವ ರಾಕೆಟ್ ವಾಹನವನ್ನು ಹೆಲಿಕಾಪ್ಟರಿಗೆ ಕಟ್ಟಿ ನಾಲ್ಕೂವರೆ ಕಿಲೋಮೀಟರ್ ಮೇಲೆ ಒಯ್ದು ಕೈಬಿಟ್ಟರು. ಅದು ತಾನೇ ದಾರಿ ಹುಡುಕಿಕೊಂಡು ರನ್‌ವೇ ಮೇಲೆ ಬಂದು ಇಳಿಯಿತು. ಚಂದ್ರಯಾನಕ್ಕೆಂದು ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನೇ ತೋಡಿ ಪರೀಕ್ಷೆ ಮಾಡಿದ್ದಾರೆಂದು ನಾನು ರೋಮಾಂಚನದಿಂದ ಹೇಳಿದರೆ ಅಜ್ಜಿಯದು ಒಂದೇ ಪ್ರಶ್ನೆ: "ಮಳೆ ಬಂದ್ರೆ ಅದ್ರಾಗೆ ನೀರು ನಿಲ್ತೈತಾ?" ಅವಳ ಕಣ್ಣಿಗೆ ಅದು ಕೃಷಿ ಹೊಂಡ.

ಕಡೆಗೆ ಜಾರ್ಜ್ ಆರ್ವೆಲ್‌ನ '1984' ತೆಗೆದೆ. 1949ರಲ್ಲಿ ಬಂದದ್ದು. ನನ್ನ ಬತ್ತಳಿಕೆಯ ಕೊನೆಯ ಬಾಣ. ಗೋಡೆಗೋಡೆಯ ಮೇಲೂ ದೊಡ್ಡಣ್ಣನ ಚಿತ್ರ, ಅವನು ಎಲ್ಲರನ್ನೂ ನೋಡುತ್ತಿರುತ್ತಾನೆ ಎಂದೆ. "ಅಣ್ಣ ಅಂದ್ಮ್ಯಾಲೆ ನೋಡ್ದೆ ಇರ್ತಾನಾ?" ಎಂದಳು. ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ನಾನು ಎಗ್ ಪಫ್ ತಿಂದರೆ ಬಸ್ಸು ಊರು ಮುಟ್ಟುವ ಮೊದಲೇ ಅವಳಿಗೆ ತಿಳಿದಿರುತ್ತದೆ. ಅವಳ ಮುಂದೆ ದೊಡ್ಡಣ್ಣ ಇನ್ನೂ ಚಿಕ್ಕ ಹುಡುಗ. ನಾಯಕ ವಿನ್‌ಸ್ಟನ್‌ನ ನೌಕರಿ ಮಾತ್ರ ಅವಳಿಗೆ ಹಿಡಿಸಿತು. ಸರ್ಕಾರಕ್ಕೆ ಬೇಕಾದಂತೆ ಹಳೇ ಪೇಪರಿನ ಸುದ್ದಿಗಳನ್ನು ತಿದ್ದಿ ಬರೆಯುವುದು, ಮೊದಲಿದ್ದದ್ದನ್ನು ಸುಟ್ಟುಹಾಕುವುದು. "ಕೂತು ಮಾಡೋ ಕೆಲ್ಸ, ಸಂಬ್ಳ ಬತ್ತೈತೆ. ಇವ್ನಿಗೇನು ಕೇಡು?"

ಕೊನೆಯಲ್ಲಿ ಮುಖಕ್ಕೆ ಇಲಿ ಬಿಡುತ್ತೇವೆಂದು ಹೆದರಿಸಿದಾಗ ಅವನು, ನನ್ನ ಬದಲು ನನ್ನವಳಿಗೆ ಮಾಡಿ ಎಂದು ಕಿರುಚುತ್ತಾನೆ. ಇದನ್ನು ಹೇಳುವಾಗ ನನ್ನ ದನಿಯೇ ಸಣ್ಣಗಾಗಿತ್ತು. ಅಜ್ಜಿಯ ಕೈ ನಿಂತಿತು. ಶೇಂಗಾ ಚೀಲ ಇಟ್ಟ ಮನೆಯಲ್ಲಿ ಇಲಿಗಳೊಂದಿಗೆ ಎಪ್ಪತ್ತು ವರ್ಷ ಬಾಳಿದವಳು ಅವಳು. "ಇಲಿಗೆ ಹೆದ್ರಿ ಹೆಣ್ಮಗಳನ್ನ ಬಿಟ್ಕೊಟ್ನಾ?" ಎಂದಳು. ಆಮೇಲೆ ಅವನಿಗೆ ದೊಡ್ಡಣ್ಣನ ಮೇಲೇ ಪ್ರೀತಿ ಬರುತ್ತದೆ, ಕತೆ ಅಷ್ಟೇ, ಎಂದೆ. ಅಜ್ಜಿ ಮೊರ ಪಕ್ಕಕ್ಕೆ ತಳ್ಳಿದಳು. "ಮಂಗಳವಾರ ಹೊತ್ತು ಮುಳುಗೋ ಹೊತ್ನಾಗೆ ಇಂಥ ಕತೆ ಹೇಳ್ತೀಯಲಾ? ಬುದ್ಧಿ ಐತಾ?"

ಎಂಟು ದಿನ ಬಿಟ್ಟು ನೀರು ತರಲು ಹೋದೆ. ಘಟಕದ ಮುಂದೆ ಅಜ್ಜಿ ನಾಲ್ಕಾರು ಹೆಂಗಸರನ್ನು ಕೂರಿಸಿಕೊಂಡು ಕತೆ ಹೇಳುತ್ತಿದ್ದಳು. ಅದರಲ್ಲಿ ವಿನ್‌ಸ್ಟನ್ ಇಲಿಯ ಬಾಲ ಹಿಡಿದು ದೊಡ್ಡಣ್ಣನ ಮುಖಕ್ಕೇ ಎಸೆದು, ಹೆಣ್ಣುಮಗಳನ್ನು ಕರೆದುಕೊಂಡು ಬಳ್ಳಾರಿ ಬಸ್ಸು ಹತ್ತಿಬಿಟ್ಟ. ಎರಡು ಮಕ್ಕಳೂ ಆದವು.

"ಅಜ್ಜಿ, ಕತೆ ಹಂಗಿಲ್ಲ" ಎಂದೆ.

"ನೀನೇ ಹಿಂಗೆ ಹೇಳಿದ್ದು" ಎಂದಳು ಅಜ್ಜಿ, ಎಳ್ಳಷ್ಟೂ ಅಳುಕದೆ. ಹೆಂಗಸರೆಲ್ಲ ನನ್ನನ್ನು ನೋಡಿದರು. ಒಬ್ಬಾಕೆ, ಓದಿದ ಹುಡುಗರಿಗೆ ಮರೆವು ಜಾಸ್ತಿ ಎಂದು ಅಜ್ಜಿಯ ಪರ ನಿಂತಳು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲ್ ಬೆಳಕು ಹಿಡಿದು ಪುಸ್ತಕದ ಕೊನೆಯ ಪುಟ ತೆಗೆದು ನೋಡಿದೆ.